ಅಂತರ್ಜಾಲ ದೂರವಾಣಿಗೆ ಭೌತಿಕ ಸರ್ವರೋ, ವರ್ಚುಯಲ್ ಸರ್ವರೋ? — ಒಂದು ಐತಿಹಾಸಿಕ ವಿವೇಚನೆ

೧. ಪೀಠಿಕೆ

ಶಾಸನವೊಂದು ಕೈಗೆ ಬಂದಾಗ ಅದು ಏನು ಹೇಳುತ್ತದೆ ಎಂಬುದಕ್ಕಿಂತ ಮೊದಲು ಅದು ಯಾವ ಕಾಲದ್ದು ಎಂಬುದನ್ನು ನಿರ್ಣಯಿಸುವುದು ಇತಿಹಾಸಕಾರರ ಸಂಪ್ರದಾಯ. ಕಾಲ ಗೊತ್ತಾಗದ ಮಾತನ್ನು ಪ್ರಮಾಣವೆಂದು ಸ್ವೀಕರಿಸಬಾರದೆಂಬುದು ನಮ್ಮ ವಿದ್ಯಾರ್ಥಿಗಳಿಗೂ ತಿಳಿದ ವಿಷಯವೇ. ಆದರೆ ಯಂತ್ರಗಳ ವಿಚಾರ ಬಂದಾಗ ವಿದ್ಯಾವಂತರೂ ಈ ನಿಯಮವನ್ನು ಮರೆಯುವುದುಂಟು. ಎಂದೋ ಒಂದು ಕಾಲದ ಯಂತ್ರಗಳನ್ನು ಕಂಡು ಹೇಳಿದ ಮಾತು, ಆ ಯಂತ್ರಗಳು ಮರೆಯಾದ ಮೇಲೂ ಸಿದ್ಧಾಂತವೆಂಬಂತೆ ಬಾಯಿಂದ ಬಾಯಿಗೆ ಸಾಗುತ್ತಿರುತ್ತದೆ.

ಅಂಥ ಮಾತೊಂದನ್ನು ಈ ಪ್ರಬಂಧದಲ್ಲಿ ಪರೀಕ್ಷಿಸಲು ಉದ್ದೇಶಿಸಿದೆ. ಕಾಲೇಜು, ಆಸ್ಪತ್ರೆ, ಕಾರ್ಖಾನೆ, ಕಚೇರಿಗಳು ತಮ್ಮ ದೂರವಾಣಿ ವ್ಯವಸ್ಥೆಯನ್ನು ಅಂತರ್ಜಾಲದ ಮೂಲಕ ನಡೆಸಲು ಹೊರಟಾಗ, ಹಳೆಯ ಇಪಿಎಬಿಎಕ್ಸ್ ಪೆಟ್ಟಿಗೆಯ ಸ್ಥಾನದಲ್ಲಿ ಒಂದು ಸಾಫ್ಟ್‌ವೇರ್ ಬರುತ್ತದೆ. ಅದನ್ನು ನಡೆಸಲು ಒಂದು ಸರ್ವರು ಬೇಕು. ಈ ಕಾರ್ಯಕ್ಕೆಂದೇ ಮೀಸಲಾದ ಒಂದು ಇಡೀ ಗಣಕಯಂತ್ರವನ್ನು ಇಟ್ಟರೆ ಅದು ಭೌತಿಕ ಸರ್ವರು. ಒಂದೇ ಗಣಕಯಂತ್ರವನ್ನು ಸಾಫ್ಟ್‌ವೇರಿನ ಬಲದಿಂದ ಹಲವು ಯಂತ್ರಗಳಂತೆ ವಿಭಾಗಿಸಿ, ಅವುಗಳಲ್ಲಿ ಒಂದನ್ನು ದೂರವಾಣಿಗೆ ಕೊಟ್ಟರೆ ಅದು ವರ್ಚುಯಲ್ ಸರ್ವರು. ಹೀಗೆ ವಿಭಾಗಿಸುವ ಸಾಫ್ಟ್‌ವೇರಿಗೆ ಹೈಪರ್‌ವೈಸರ್ ಎಂದು ಹೆಸರು. ದೂರವಾಣಿಯಂಥ ಕಾರ್ಯಕ್ಕೆ ವರ್ಚುಯಲ್ ಸರ್ವರು ಒಗ್ಗದು, ಭೌತಿಕ ಸರ್ವರೇ ಆಗಬೇಕು ಎಂಬ ಅಭಿಪ್ರಾಯ ಬಹುಕಾಲ ಪ್ರಚಲಿತವಾಗಿತ್ತು. ಈಗಲೂ ಅಲ್ಲಲ್ಲಿ ಕೇಳಿಬರುತ್ತದೆ. ಇದಕ್ಕೆ ವಿರುದ್ಧವಾಗಿ, ಇನ್ನು ಮುಂದೆ ಭೌತಿಕ ಸರ್ವರಿನ ಅಗತ್ಯವೇ ಇಲ್ಲವೆಂದು ಹೇಳುವವರೂ ಇದ್ದಾರೆ.

ಈ ಎರಡು ಅಭಿಪ್ರಾಯಗಳಲ್ಲಿ ಯಾವುದನ್ನೂ ಕಾಲದಿಂದ ಬೇರ್ಪಡಿಸಿ ನಿಜವೆಂದಾಗಲಿ ಸುಳ್ಳೆಂದಾಗಲಿ ಹೇಳಲಾಗದು. ಮೊದಲನೆಯದು ಹುಟ್ಟಿದ ಕಾಲದಲ್ಲಿ ಅದಕ್ಕೆ ದೃಢವಾದ ಕಾರಣಗಳಿದ್ದವು. ಆ ಕಾರಣಗಳಲ್ಲಿ ಕೆಲವು ಅಳಿದಿವೆ, ಕೆಲವು ಉಳಿದಿವೆ. ಯಾವುದು ಅಳಿಯಿತು, ಯಾವುದು ಉಳಿಯಿತು ಎಂಬುದನ್ನು ಬಿಡಿಸಿ ನೋಡುವುದೇ ಇಲ್ಲಿನ ಪ್ರಯತ್ನ.

೨. ಮೀಸಲು ಮತ್ತು ಪಾಲು: ಒಂದು ಹಳೆಯ ಪ್ರಶ್ನೆ

ಒಂದು ಉಪಕರಣವನ್ನು ಒಬ್ಬನಿಗೇ ಮೀಸಲಿಡಬೇಕೆ, ಹಲವರಲ್ಲಿ ಪಾಲುಮಾಡಬೇಕೆ ಎಂಬ ಪ್ರಶ್ನೆ ಗಣಕಯಂತ್ರದೊಡನೆ ಹುಟ್ಟಿದುದಲ್ಲ. ದೂರವಾಣಿಯ ಎಕ್ಸ್‌ಚೇಂಜ್ ಎಂಬುದೇ ಈ ಪ್ರಶ್ನೆಗೆ ದೊರೆತ ಮೊದಲ ಉತ್ತರ. ಅಲೆಕ್ಸಾಂಡರ್ ಗ್ರಹಾಂ ಬೆಲ್ ೧೮೭೬ರಲ್ಲಿ ಪೇಟೆಂಟು ಪಡೆದ ಮೇಲೆ, ಆರಂಭದ ದೂರವಾಣಿಗಳು ಎರಡು ಮನೆಗಳ ಅಥವಾ ಎರಡು ಅಂಗಡಿಗಳ ನಡುವೆ ಎಳೆದ ಮೀಸಲು ತಂತಿಗಳಾಗಿದ್ದವು. ೧೮೭೮ರಲ್ಲಿ ಅಮೆರಿಕದ ನ್ಯೂ ಹೇವನ್ ನಗರದಲ್ಲಿ ವಾಣಿಜ್ಯ ಎಕ್ಸ್‌ಚೇಂಜ್ ಆರಂಭವಾದಾಗ, ಪ್ರತಿಯೊಬ್ಬನ ತಂತಿಯೂ ಒಂದು ನಡುಕೇಂದ್ರಕ್ಕೆ ಬಂದು ಸೇರಿ, ಅಲ್ಲಿಂದ ಮುಂದಿನ ಸಂಪರ್ಕವು ಎಲ್ಲರ ಪಾಲಿನ ವಸ್ತುವಾಯಿತು. ಭಾರತದಲ್ಲಿ ೧೮೮೨ರ ಜನವರಿಯಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಎಕ್ಸ್‌ಚೇಂಜುಗಳು ತೆರೆದವು.

ಪಾಲು ಎಷ್ಟರಮಟ್ಟಿಗೆ ಸುರಕ್ಷಿತವೆಂಬುದನ್ನು ಲೆಕ್ಕದಿಂದ ತೋರಿಸಿದವರು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಡೆನ್ಮಾರ್ಕಿನ ಗಣಿತಜ್ಞ ಏ. ಕೆ. ಎರ್ಲಾಂಗ್. ೧೯೦೯ರ ಮತ್ತು ೧೯೧೭ರ ಲೇಖನಗಳಲ್ಲಿ ಅವರು ರೂಪಿಸಿದ ಸೂತ್ರಗಳು ಇಂದಿಗೂ ಬಳಕೆಯಲ್ಲಿವೆ. ಒಂದು ಉದಾಹರಣೆಯನ್ನು ನೋಡಬಹುದು. ಎರಡು ಕಚೇರಿಗಳಲ್ಲಿ ತಲಾ ೫ ಎರ್ಲಾಂಗಿನಷ್ಟು, ಎಂದರೆ ಸರಾಸರಿ ಏಕಕಾಲಕ್ಕೆ ಐದು ಸಂಭಾಷಣೆಗಳಷ್ಟು, ಕರೆಗಳ ಭಾರವಿದೆಯೆಂದು ಭಾವಿಸೋಣ. ನೂರು ಕರೆಗಳಲ್ಲಿ ಒಂದಕ್ಕಿಂತ ಹೆಚ್ಚು ವಿಫಲವಾಗಬಾರದೆಂದರೆ ಪ್ರತ್ಯೇಕವಾಗಿ ಪ್ರತಿಯೊಂದು ಕಚೇರಿಗೂ ೧೧ ಮಾರ್ಗಗಳಂತೆ ಒಟ್ಟು ೨೨ ಮಾರ್ಗಗಳು ಬೇಕು. ಎರಡೂ ಕಚೇರಿಗಳು ಒಂದೇ ಗುಂಪಿನ ಮಾರ್ಗಗಳನ್ನು ಹಂಚಿಕೊಂಡರೆ ೧೮ ಸಾಕು. ನಾಲ್ಕು ಮಾರ್ಗಗಳ ಉಳಿತಾಯ ಪಾಲಿನಿಂದ ಬಂದ ಲಾಭ. ಆದರೆ ಲೆಕ್ಕಹಾಕಿದುದಕ್ಕಿಂತ ಹೆಚ್ಚು ಕರೆಗಳು ಬಂದ ದಿನ ಎರಡೂ ಕಚೇರಿಗಳು ಒಟ್ಟಿಗೇ ತೊಂದರೆಗೊಳಗಾಗುತ್ತವೆ. ವರ್ಚುಯಲ್ ಸರ್ವರನ್ನು ಕುರಿತು ಇಂದು ನಡೆಯುವ ಚರ್ಚೆಯ ಗುಣದೋಷಗಳೆರಡೂ ಈ ಚಿಕ್ಕ ಲೆಕ್ಕದಲ್ಲಿ ಅಡಗಿವೆ.

ಸ್ವಯಂಚಾಲಿತ ಎಕ್ಸ್‌ಚೇಂಜುಗಳ ಇತಿಹಾಸವೂ ಇದನ್ನೇ ಸಮರ್ಥಿಸುತ್ತದೆ. ಶವಸಂಸ್ಕಾರದ ವೃತ್ತಿಯಲ್ಲಿದ್ದ ಆಲ್ಮನ್ ಸ್ಟ್ರೌಜರ್ ಎಂಬಾತನು ೧೮೯೧ರಲ್ಲಿ ಪೇಟೆಂಟು ಪಡೆದ ಪದ್ಧತಿಯು ಮರುವರ್ಷವೇ ಇಂಡಿಯಾನಾ ಪ್ರಾಂತದ ಲಾ ಪೋರ್ಟ್ ಎಂಬಲ್ಲಿ ಕಾರ್ಯರೂಪಕ್ಕೆ ಬಂತು. ಮುಂದೆ ಬೆಳೆದ ಸ್ಟ್ರೌಜರ್ ಎಕ್ಸ್‌ಚೇಂಜಿನಲ್ಲಿ ಒಂದು ಕರೆಗೆ ತೊಡಗಿದ ಸೆಲೆಕ್ಟರುಗಳು ಕರೆ ಮುಗಿಯುವವರೆಗೂ ಆ ಕರೆಗೇ ಕಟ್ಟುಬಿದ್ದಿರುತ್ತಿದ್ದವು. ಅನಂತರ ಬಂದ ಕ್ರಾಸ್‌ಬಾರ್ ಪದ್ಧತಿಯಲ್ಲಿ ಸಂಪರ್ಕವನ್ನು ಏರ್ಪಡಿಸುವ ಬುದ್ಧಿಭಾಗ ಬೇರೆಯಾಯಿತು. ಮಾರ್ಕರ್ ಎಂಬ ಆ ಭಾಗವು ಒಂದು ಕರೆಗೆ ದಾರಿ ಹುಡುಕಿಕೊಟ್ಟು ಕ್ಷಣಮಾತ್ರದಲ್ಲಿ ಮತ್ತೊಂದು ಕರೆಯತ್ತ ತಿರುಗುತ್ತಿತ್ತು. ದಾರಿ ಮೀಸಲು, ಬುದ್ಧಿ ಪಾಲು ಎಂಬ ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕು.

ಈ ಕಥೆಯಲ್ಲಿ ಬೆಂಗಳೂರಿಗೂ ಒಂದು ಸ್ಥಾನವಿದೆ. ೧೯೪೮ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯು, ಇಂದಿಗೂ ದೂರವಾಣಿನಗರವೆಂಬ ಹೆಸರನ್ನು ಹೊತ್ತಿರುವ ಬಡಾವಣೆಯಲ್ಲಿ, ಸ್ಟ್ರೌಜರ್ ಉಪಕರಣಗಳನ್ನು ತಯಾರಿಸಿತು. ೧೯೬೪ರಲ್ಲಿ ಬೆಲ್ಜಿಯಂ ದೇಶದ ಕಂಪನಿಯೊಂದರ ಸಹಯೋಗದಿಂದ ಪೆಂಟಕಾಂಟಾ ಎಂಬ ಕ್ರಾಸ್‌ಬಾರ್ ಪದ್ಧತಿಯನ್ನು ಸ್ವೀಕರಿಸಲಾಯಿತು. ಆದರೆ ಯೂರೋಪಿನಲ್ಲಿ ಒಂದು ದೂರವಾಣಿಯಿಂದ ಹೊರಡುತ್ತಿದ್ದ ಕರೆಗಳ ಪ್ರಮಾಣವೇ ಬೇರೆ. ದೂರವಾಣಿಗಳು ಕಡಮೆಯಾಗಿದ್ದು ಒಂದೊಂದನ್ನೂ ಅನೇಕರು ಬಳಸುತ್ತಿದ್ದ ಭಾರತದ ನಗರಗಳ ಪ್ರಮಾಣವೇ ಬೇರೆ. ಇಲ್ಲಿನ ಭಾರವನ್ನು ಆ ಯಂತ್ರಗಳು ಸುಲಭವಾಗಿ ತಾಳಲಿಲ್ಲ. ಭಾರತೀಯ ಪರಿಸ್ಥಿತಿಗೆ ತಕ್ಕಂತೆ ಅವನ್ನು ತಿದ್ದಬೇಕಾಯಿತು. ಪಾಲಿನ ಪದ್ಧತಿಯಲ್ಲಿ ಲೆಕ್ಕವು ಊರಿಗೆ ತಕ್ಕಂತೆ ಇರಬೇಕು, ಪರದೇಶದ ಲೆಕ್ಕವನ್ನು ಹಾಗೆಯೇ ತಂದರೆ ಸಾಲದು ಎಂಬ ಪಾಠವನ್ನು ನಮ್ಮ ದೇಶ ಅಂದೇ ಕಲಿತಿತ್ತು.

೩. ಎಕ್ಸ್‌ಚೇಂಜು ಗಣಕಯಂತ್ರವಾದುದು

೧೯೬೫ರ ಮೇ ತಿಂಗಳಲ್ಲಿ ನ್ಯೂ ಜರ್ಸಿಯ ಸಕಸನ್ನಾ ಎಂಬಲ್ಲಿ ಬೆಲ್ ಸಂಸ್ಥೆಯ ಒಂದನೆಯ ಎಲೆಕ್ಟ್ರಾನಿಕ್ ಸ್ವಿಚ್ಚಿಂಗ್ ವ್ಯವಸ್ಥೆ ಸೇವೆಗೆ ಬಂತು. ಇದರಲ್ಲಿ ಮಾರ್ಕರಿನ ಸ್ಥಾನವನ್ನು ಲಿಖಿತ ಪ್ರೋಗ್ರಾಮಿನಿಂದ ನಡೆಯುವ ಗಣಕಯಂತ್ರ ವಹಿಸಿಕೊಂಡಿತು. ನಲವತ್ತು ವರ್ಷಗಳಲ್ಲಿ ಎರಡು ಗಂಟೆಗಿಂತ ಹೆಚ್ಚು ಕಾಲ ನಿಲ್ಲಬಾರದೆಂಬುದು ಅದರ ರಚನಾಕಾರರು ಇಟ್ಟುಕೊಂಡ ಗುರಿ. ಅದಕ್ಕಾಗಿ ಎರಡು ಪ್ರೊಸೆಸರುಗಳನ್ನು ಜೊತೆಜೊತೆಯಾಗಿ ನಡೆಸಿ, ಒಂದರ ಫಲಿತಾಂಶವನ್ನು ಇನ್ನೊಂದರೊಡನೆ ತಾಳೆ ನೋಡುವ ಏರ್ಪಾಡು ಮಾಡಿದ್ದರು. ದೂರವಾಣಿಯ ಎಂಜಿನಿಯರುಗಳಲ್ಲಿ ಮುಂದೆ ಕಂಡುಬಂದ ಪ್ರತ್ಯೇಕ ಯಂತ್ರದ ಆಗ್ರಹಕ್ಕೆ ಈ ಕಟ್ಟುನಿಟ್ಟಿನ ಪರಂಪರೆಯೇ ಮೂಲವೆಂದು ಹೇಳಬಹುದು.

ಭಾರತದಲ್ಲಿ ೧೯೮೪ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯ ಗ್ರಾಮೀಣ ಎಕ್ಸ್‌ಚೇಂಜು ೧೯೮೬ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಮೊದಲು ಸೇವೆಗೆ ಬಂತು. ೧೨೮ ಪೋರ್ಟುಗಳ ಆ ಚಿಕ್ಕ ಯಂತ್ರವು ಹವಾನಿಯಂತ್ರಣವಿಲ್ಲದೆ, ನಮ್ಮ ಹಳ್ಳಿಗಳ ಧೂಳು ಸೆಕೆಗಳ ನಡುವೆ ನಡೆಯುವಂತೆ ರಚಿತವಾಗಿತ್ತು. ಇಲ್ಲಿಯೂ ಯಂತ್ರ ಮತ್ತು ಪ್ರೋಗ್ರಾಮು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಒಂದನ್ನು ಬಿಟ್ಟು ಇನ್ನೊಂದನ್ನು ಕೊಳ್ಳುವ ಮಾತೇ ಇರಲಿಲ್ಲ.

ಈ ಬೆಸುಗೆಯನ್ನು ಬಿಡಿಸಿದುದು ಅಂತರ್ಜಾಲ. ಮಾತನ್ನು ಪ್ಯಾಕೆಟ್ಟುಗಳಾಗಿ ಕತ್ತರಿಸಿ ಕಳುಹಿಸುವ ಪ್ರಯೋಗವನ್ನು ೧೯೭೪ರಲ್ಲಿ ಡ್ಯಾನಿ ಕೊಹೆನ್ ಮತ್ತು ಅವರ ಸಹೋದ್ಯೋಗಿಗಳು ಅರ್ಪಾನೆಟ್ ಜಾಲದ ಮೇಲೆ ನಡೆಸಿದ್ದರು. ಸಾರ್ವಜನಿಕರಿಗೆ ಅದು ೧೯೯೫ರಲ್ಲಿ ಇಸ್ರೇಲಿನ ವೋಕಲ್‌ಟೆಕ್ ಕಂಪನಿಯ ಸಾಫ್ಟ್‌ವೇರಿನಿಂದ ಪರಿಚಯವಾಯಿತು. ೧೯೯೬ರಲ್ಲಿ ಮಾತನ್ನು ಸಾಗಿಸುವ ಆರ್‌ಟಿಪಿ, ೧೯೯೯ರಲ್ಲಿ ಕರೆಯನ್ನು ಏರ್ಪಡಿಸುವ ಸಿಪ್ ಎಂಬ ನಿಯಮಾವಳಿಗಳು ಪ್ರಕಟವಾದವು. ಕ್ರಾಸ್‌ಬಾರಿನಲ್ಲಿ ಕಂಡ ಬುದ್ಧಿ ಮತ್ತು ದಾರಿಗಳ ಭೇದವೇ ಇಲ್ಲಿ ಸಿಪ್ ಮತ್ತು ಆರ್‌ಟಿಪಿಗಳ ಭೇದವಾಗಿ ಮರಳಿ ಬಂದಿದೆ.

ಮಾತಿನ ಪ್ಯಾಕೆಟ್ಟಿನ ಗುಣವನ್ನು ಅರಿಯದೆ ಮುಂದಿನ ವಾದವನ್ನು ಗ್ರಹಿಸಲಾಗದು. ೧೯೭೨ರ ಜಿ.೭೧೧ ಪದ್ಧತಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ ೮,೦೦೦ ಬಾರಿ ಅಳೆದು, ಒಂದೊಂದು ಅಳತೆಯನ್ನೂ ೮ ಬಿಟ್‌ಗಳಲ್ಲಿ ಬರೆಯಲಾಗುತ್ತದೆ. ಸಾಮಾನ್ಯವಾಗಿ ೨೦ ಮಿಲಿಸೆಕೆಂಡುಗಳ ಮಾತನ್ನು ಒಂದು ಪ್ಯಾಕೆಟ್ಟಿನಲ್ಲಿ ತುಂಬುವುದರಿಂದ ಮಾತನಾಡುವ ಒಬ್ಬೊಬ್ಬನಿಂದಲೂ ಸೆಕೆಂಡಿಗೆ ೫೦ ಪ್ಯಾಕೆಟ್ಟುಗಳು ಹೊರಡುತ್ತವೆ. ನೂರು ಸಂಭಾಷಣೆಗಳು ಸರ್ವರಿನ ಮೂಲಕವೇ ಹಾದುಹೋದರೆ ಸೆಕೆಂಡಿಗೆ ೧೦,೦೦೦ ಪ್ಯಾಕೆಟ್ಟುಗಳು ಒಳಬಂದು ಅಷ್ಟೇ ಹೊರಹೋಗಬೇಕು. ಇದರ ಗಾತ್ರ ದೊಡ್ಡದಲ್ಲ. ಇದರ ಕಾಲನಿಯಮ ಕಠಿಣವಾದುದು. ಒಬ್ಬನ ಬಾಯಿಂದ ಇನ್ನೊಬ್ಬನ ಕಿವಿಗೆ ೧೫೦ ಮಿಲಿಸೆಕೆಂಡುಗಳೊಳಗೆ ಮಾತು ಮುಟ್ಟಿದರೆ ಸಂಭಾಷಣೆ ಸಹಜವಾಗಿರುತ್ತದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಸಂಘದ ಶಿಫಾರಸು ಸೂಚಿಸುತ್ತದೆ. ಪತ್ರವೊಂದು ಅರ್ಧ ಸೆಕೆಂಡು ತಡವಾಗಿ ಬಂದರೆ ಹಾನಿಯಿಲ್ಲ. ಮಾತಿನ ಪ್ಯಾಕೆಟ್ಟು ಅಷ್ಟು ತಡವಾದರೆ ಅದು ಬಂದೂ ಬಾರದಂತೆಯೇ.

೪. ವರ್ಚುಯಲ್ ಯಂತ್ರದ ಪೂರ್ವೇತಿಹಾಸ

ವರ್ಚುಯಲ್ ಯಂತ್ರವು ಹೊಸ ಶೋಧನೆಯೆಂಬ ಭಾವನೆ ಸರಿಯಲ್ಲ. ೧೯೬೭ರಲ್ಲಿಯೇ ಐಬಿಎಂ ಕಂಪನಿಯ ಕೇಂಬ್ರಿಜ್ ವಿಜ್ಞಾನ ಕೇಂದ್ರದಲ್ಲಿ ಸಿಪಿ-೪೦ ಎಂಬ ವ್ಯವಸ್ಥೆ ಬಳಕೆಗೆ ಬಂದು, ೧೯೭೨ರಲ್ಲಿ ಅದರ ವಂಶದ ವಿಎಂ/೩೭೦ ಮಾರುಕಟ್ಟೆಗೆ ಬಂತು. ಅಂದು ಗಣಕಯಂತ್ರವೆಂದರೆ ಅತಿ ದುಬಾರಿಯಾದ ವಸ್ತು. ಅದನ್ನು ಹಲವರು ಹಂಚಿಕೊಳ್ಳುವುದು ಅನಿವಾರ್ಯವಾಗಿತ್ತು. ೧೯೭೪ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರು ಯಾವ ಯಂತ್ರವನ್ನು ಹೀಗೆ ವಿಭಾಗಿಸಬಹುದು ಎಂಬುದಕ್ಕೆ ಶಾಸ್ತ್ರೀಯ ಲಕ್ಷಣಗಳನ್ನು ಹೇಳಿದರು.

ಅಗ್ಗದ ಪರ್ಸನಲ್ ಕಂಪ್ಯೂಟರುಗಳು ಬಂದ ಮೇಲೆ ಹಂಚಿಕೊಳ್ಳುವ ಅಗತ್ಯ ಹಿಂದೆ ಸರಿಯಿತು. ಅವುಗಳಲ್ಲಿನ ಇಂಟೆಲ್ ಮಾದರಿಯ ಪ್ರೊಸೆಸರುಗಳು ಮೇಲೆ ಹೇಳಿದ ಲಕ್ಷಣಗಳಿಗೆ ಹೊಂದುತ್ತಲೂ ಇರಲಿಲ್ಲ. ೧೯೯೮ರಲ್ಲಿ ಸ್ಥಾಪಿತವಾದ ವಿಎಂವೇರ್ ಕಂಪನಿಯು ಆದೇಶಗಳನ್ನು ನಡೆಯುತ್ತಿರುವಂತೆಯೇ ಮಾರ್ಪಡಿಸುವ ಉಪಾಯದಿಂದ ಈ ಅಡ್ಡಿಯನ್ನು ದಾಟಿತು; ೨೦೦೩ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಜೆನ್ ಎಂಬ ಸಾಫ್ಟ್‌ವೇರು ಮತ್ತೊಂದು ಮಾರ್ಗವನ್ನು ತೋರಿಸಿತು. ಸಾಧಾರಣ ಕೆಲಸಗಳಿಗೆ ಇವು ಉತ್ತಮವಾಗಿಯೇ ಇದ್ದವು. ಆದರೆ ಪ್ರೊಸೆಸರನ್ನು ಪಾಲುಮಾಡುವುದೆಂದರೆ ಕಾಲವನ್ನು ಪಾಲುಮಾಡುವುದೇ ಆಗಿದೆ. ಹೈಪರ್‌ವೈಸರು ಒಂದು ವರ್ಚುಯಲ್ ಯಂತ್ರವನ್ನು ತಡೆದು ಮತ್ತೊಂದಕ್ಕೆ ಅವಕಾಶ ಕೊಟ್ಟಾಗ, ತಡೆಯಲ್ಪಟ್ಟ ಯಂತ್ರಕ್ಕೆ ತಾನು ನಿಂತಿದ್ದೆನೆಂಬುದೇ ತಿಳಿಯದು. ಅದರೊಳಗಿನ ಗಡಿಯಾರವು ಹಿಂದೆ ಬಿದ್ದು, ಬಳಿಕ ಓಡೋಡಿ ಸರಿಮಾಡಿಕೊಳ್ಳಬೇಕಾಗುತ್ತಿತ್ತು.

೫. ನಿಷೇಧದ ಕಾಲ ಮತ್ತು ಅದರ ಕಾರಣಗಳು

ದೂರವಾಣಿ ಮತ್ತು ವರ್ಚುಯಲ್ ಯಂತ್ರಗಳು ಸಂಧಿಸಿದುದು ೨೦೦೦ದ ಅನಂತರದ ದಶಕದಲ್ಲಿ. ಆ ಸಂಧಿಯನ್ನು ಅರಿಯಲು ಆಸ್ಟರಿಸ್ಕ್ ಎಂಬ ಸಾಫ್ಟ್‌ವೇರಿನ ವೃತ್ತಾಂತವೇ ಅತ್ಯುತ್ತಮ ಸಾಧನ. ೧೯೯೯ರಲ್ಲಿ ಅಮೆರಿಕದ ಅಲಬಾಮಾ ಪ್ರಾಂತದ ತರುಣ ಮಾರ್ಕ್ ಸ್ಪೆನ್ಸರ್ ತನ್ನ ಚಿಕ್ಕ ಉದ್ಯಮಕ್ಕೆ ದೂರವಾಣಿ ವ್ಯವಸ್ಥೆಯನ್ನು ಕೊಳ್ಳಲು ಶಕ್ತಿಯಿಲ್ಲದೆ, ತಾನೇ ಒಂದನ್ನು ಬರೆದು ಎಲ್ಲರಿಗೂ ಮುಕ್ತವಾಗಿ ಬಿಟ್ಟನು. ಸಾಮಾನ್ಯ ಗಣಕಯಂತ್ರವೇ ಎಕ್ಸ್‌ಚೇಂಜಾಗಬಹುದೆಂಬುದು ಲೋಕಕ್ಕೆ ಇದರಿಂದ ಸ್ಪಷ್ಟವಾಯಿತು.

ಅದೇ ಕಾಲದಲ್ಲಿ ಜಿಮ್ ಡಿಕ್ಸನ್ ಎಂಬವರು ದೂರವಾಣಿ ತಂತಿಗಳನ್ನು ಗಣಕಯಂತ್ರಕ್ಕೆ ಜೋಡಿಸುವ ಅಗ್ಗದ ಕಾರ್ಡನ್ನು ರಚಿಸಿದ್ದರು. ಮೆಕ್ಸಿಕೋದ ಕ್ರಾಂತಿವೀರ ಜಪಾಟಾನ ಹೆಸರನ್ನು ಆ ಯೋಜನೆಗೆ ಇಟ್ಟಿದ್ದರು. ಧ್ವನಿಯ ಸಂಸ್ಕಾರಕ್ಕೆ ಬೇರೆ ಚಿಪ್ಪುಗಳನ್ನು ಬಳಸದೆ ಆ ಭಾರವನ್ನೆಲ್ಲ ಗಣಕಯಂತ್ರದ ಪ್ರೊಸೆಸರಿಗೇ ವಹಿಸಿದುದು ಅದರ ವೈಶಿಷ್ಟ್ಯ. ಆದರೆ ಇದಕ್ಕೆ ತೆರಬೇಕಾದ ಬೆಲೆಯೊಂದಿತ್ತು. ಜಪ್‌ಟೆಲ್ ಎಂಬ ಚಾಲಕ ಸಾಫ್ಟ್‌ವೇರು ಸೆಕೆಂಡಿಗೆ ೧,೦೦೦ ಸಲ, ಎಂದರೆ ಪ್ರತಿ ಮಿಲಿಸೆಕೆಂಡಿಗೊಮ್ಮೆ, ಪ್ರೊಸೆಸರನ್ನು ತಡೆದು ಕರೆಯುತ್ತಿತ್ತು. ಒಂದೊಂದು ಕರೆಗೂ ಎಂಟೆಂಟು ಅಳತೆಗಳ ಧ್ವನಿ ಸಾಗಬೇಕಾಗಿತ್ತು. ಹಲವರು ಒಟ್ಟಿಗೆ ಮಾತನಾಡುವ ಕಾನ್ಫರೆನ್ಸ್ ಕರೆಯಲ್ಲಿ ಎಲ್ಲರ ಧ್ವನಿಯನ್ನು ಬೆರೆಸಲು ಆಸ್ಟರಿಸ್ಕ್ ಈ ಕಾರ್ಡಿನ ಗಡಿಯಾರವನ್ನೇ ನೆಚ್ಚಿಕೊಂಡಿತ್ತು. ಕಾರ್ಡಿಲ್ಲದವರು ಗಣಕಯಂತ್ರದ ಒಳಗಡಿಯಾರದಿಂದ ಅಂಥ ಮಿಡಿತವನ್ನು ಹುಟ್ಟಿಸುವ ಒಂದು ಕೃತಕ ಚಾಲಕವನ್ನು ಬಳಸುತ್ತಿದ್ದರು.

ಈ ವ್ಯವಸ್ಥೆಯನ್ನು ಅಂದಿನ ವರ್ಚುಯಲ್ ಯಂತ್ರದೊಳಗೆ ಇಟ್ಟಾಗ ಏನಾಯಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಮೊದಲನೆಯದಾಗಿ, ಹೊರಗಿನ ಕಾರ್ಡು ಒಳಗಿನ ಯಂತ್ರಕ್ಕೆ ಕಾಣುತ್ತಿರಲಿಲ್ಲ. ಎರಡನೆಯದಾಗಿ, ಮಿಲಿಸೆಕೆಂಡಿನ ಮಿಡಿತವನ್ನು ತಪ್ಪದೆ ಕೊಡಲು ಹೈಪರ್‌ವೈಸರಿಗೆ ಸಾಧ್ಯವಿರಲಿಲ್ಲ. ಹತ್ತು ಮಿಡಿತಗಳು ತಪ್ಪಿ ಆಮೇಲೆ ಒಟ್ಟಿಗೆ ಬಂದರೆ ಬೆರೆಸಿದ ಧ್ವನಿ ಒಡೆದು ಕೇಳುತ್ತಿತ್ತು. ಮೂರನೆಯದಾಗಿ, ಅಂದಿನ ಸಾಧಾರಣ ಸರ್ವರುಗಳಲ್ಲಿ ಪ್ರೊಸೆಸರಿನ ಕೋರುಗಳು ಕೆಲವೇ ಇದ್ದುದರಿಂದ, ನೆರೆಯ ವರ್ಚುಯಲ್ ಯಂತ್ರವೊಂದು ದೊಡ್ಡ ಕೆಲಸಕ್ಕೆ ತೊಡಗಿದ ಕ್ಷಣ ಮಾತಿಗೆ ಧಕ್ಕೆ ತಗಲುತ್ತಿತ್ತು. ಆದಕಾರಣ ದೂರವಾಣಿಯನ್ನು ವರ್ಚುಯಲ್ ಯಂತ್ರದ ಮೇಲೆ ಇಡಬಾರದೆಂಬ ನಿಷೇಧವು ಅಂಧಾಭಿಮಾನದಿಂದ ಹುಟ್ಟಿದುದಲ್ಲ. ತನ್ನ ಕಾಲದ ಮಟ್ಟಿಗೆ ಅದು ಅನುಭವಸಿದ್ಧವಾದ ಸತ್ಯ.

೬. ಪರಿವರ್ತನೆ

ಈ ಸತ್ಯದ ಆಧಾರಸ್ತಂಭಗಳು ಒಂದೊಂದಾಗಿ ಸರಿದವು. ೨೦೦೫ರ ಕೊನೆಯಲ್ಲಿ ಇಂಟೆಲ್ ಕಂಪನಿಯೂ ೨೦೦೬ರಲ್ಲಿ ಎಎಂಡಿ ಕಂಪನಿಯೂ ಪ್ರೊಸೆಸರಿನಲ್ಲಿಯೇ ವರ್ಚುಯಲ್ ಯಂತ್ರಗಳಿಗೆ ಸಹಾಯವನ್ನು ಅಳವಡಿಸಿದವು. ೨೦೦೭ರಲ್ಲಿ ಲಿನಕ್ಸಿನ ತಿರುಳಿಗೆ ಕೆವಿಎಂ ಎಂಬ ಹೈಪರ್‌ವೈಸರು ಸೇರಿತು. ಅದೇ ವರ್ಷ, ಕೆಲಸವಿಲ್ಲದಾಗಲೂ ನಿರಂತರವಾಗಿ ಮಿಡಿಯುತ್ತಿದ್ದ ಅದರ ಗಡಿಯಾರವನ್ನು ಅಗತ್ಯಕ್ಕೆ ತಕ್ಕಂತೆ ಮಾತ್ರ ಮಿಡಿಯುವಂತೆ ತಿದ್ದಲಾಯಿತು. ಆಸ್ಟರಿಸ್ಕ್ ಸಹ ಕಾರ್ಡಿನ ಗಡಿಯಾರದ ಋಣದಿಂದ ಬಿಡಿಸಿಕೊಂಡಿತು: ಜಪ್‌ಟೆಲ್ ೨೦೦೮ರಲ್ಲಿ ಡಾಹ್ಡಿ ಎಂಬ ಹೆಸರನ್ನು ಪಡೆಯಿತು, ೨೦೧೧ರಲ್ಲಿ ಬಂದ ಹತ್ತನೆಯ ಆವೃತ್ತಿಯಲ್ಲಿ ಪೂರ್ಣವಾಗಿ ಪುನರ್ರಚಿತವಾದ ಕಾನ್ಫರೆನ್ಸ್ ಭಾಗಕ್ಕೆ ಅದರ ಅಗತ್ಯವೇ ಇರಲಿಲ್ಲ. ಇಷ್ಟರಲ್ಲಿ ಒಂದೇ ಸರ್ವರಿನಲ್ಲಿ ಕೋರುಗಳ ಸಂಖ್ಯೆ ಹಲವು ಪಟ್ಟು ಬೆಳೆದಿತ್ತು. ತಾಮ್ರದ ತಂತಿಗಳಿಗೆ ಬದಲಾಗಿ ಸೇವಾಕಂಪನಿಗಳೇ ಸಿಪ್ ಮಾರ್ಗಗಳನ್ನು ಒದಗಿಸತೊಡಗಿದುದರಿಂದ ಕಾರ್ಡಿನ ಅಗತ್ಯವೂ ಕುಗ್ಗಿತು.

ಪರಿವರ್ತನೆ ಎಷ್ಟು ಸಂಪೂರ್ಣವಾಗಿತ್ತೆಂಬುದಕ್ಕೆ ಸಿಸ್ಕೊ ಕಂಪನಿಯ ದೃಷ್ಟಾಂತ ಸಾಕು. ೧೯೯೮ರಲ್ಲಿ ಸೆಲ್ಸಿಯಸ್ ಸಿಸ್ಟಮ್ಸ್ ಎಂಬ ಕಂಪನಿಯನ್ನು ಕೊಂಡು ಅದು ಪಡೆದ ಕಾಲ್‌ಮ್ಯಾನೇಜರ್ ವ್ಯವಸ್ಥೆಯು ಬಹುಕಾಲ ನಿರ್ದಿಷ್ಟ ಮಾದರಿಯ ಭೌತಿಕ ಸರ್ವರುಗಳ ಮೇಲೆಯೇ ನಡೆಯುತ್ತಿತ್ತು. ೨೦೧೦ರಲ್ಲಿ ವರ್ಚುಯಲ್ ಯಂತ್ರದ ಮೇಲೆ ನಡೆಸಲು ಅನುಮತಿ ದೊರೆಯಿತು. ೨೦೧೩ರ ಹತ್ತನೆಯ ಆವೃತ್ತಿಯಿಂದ ಮುಂದೆ ಭೌತಿಕ ಸರ್ವರಿನ ಮೇಲೆ ನೇರವಾಗಿ ಸ್ಥಾಪಿಸುವುದಕ್ಕೇ ಅವಕಾಶವಿಲ್ಲದಂತಾಯಿತು. ಮೂರೇ ವರ್ಷಗಳಲ್ಲಿ ಅನುಮತಿಯು ಕಡ್ಡಾಯವಾಗಿ ಮಾರ್ಪಟ್ಟಿತು. ಆದರೆ ಇದರೊಡನೆ ಕಂಪನಿಯು ವಿಧಿಸಿದ ನಿಯಮವನ್ನು ಗಮನಿಸಬೇಕು: ದೂರವಾಣಿಗೆ ಕೊಟ್ಟ ಪ್ರತಿಯೊಂದು ವರ್ಚುಯಲ್ ಪ್ರೊಸೆಸರಿಗೂ ಒಂದೊಂದು ನಿಜವಾದ ಕೋರು ಇರಬೇಕು, ಅದನ್ನು ಬೇರೊಬ್ಬರಿಗೆ ಹಂಚಬಾರದು. ಮೀಸಲು ಎಂಬ ತತ್ತ್ವವು ಇಲ್ಲಿ ಅಳಿಯಲಿಲ್ಲ; ಪೆಟ್ಟಿಗೆಯಿಂದ ಇಳಿದು ಕೋರಿಗೆ ಬಂತು.

ಸಾರ್ವಜನಿಕ ಜಾಲಗಳೂ ಇದೇ ಹಾದಿಯನ್ನು ಹಿಡಿದವು. ೨೦೧೨ರ ಅಕ್ಟೋಬರಿನಲ್ಲಿ ಜಗತ್ತಿನ ಪ್ರಮುಖ ದೂರಸಂಪರ್ಕ ಕಂಪನಿಗಳು ತಮ್ಮ ಜಾಲದ ಕಾರ್ಯಗಳನ್ನು ವಿಶೇಷ ಪೆಟ್ಟಿಗೆಗಳಿಂದ ಬಿಡಿಸಿ ಸಾಮಾನ್ಯ ಸರ್ವರುಗಳ ಮೇಲೆ ವರ್ಚುಯಲ್ ರೂಪದಲ್ಲಿ ನಡೆಸುವ ಸಂಕಲ್ಪಪತ್ರವನ್ನು ಪ್ರಕಟಿಸಿದವು. ೨೦೨೦ರಲ್ಲಿ ಜಪಾನಿನ ರಾಕುಟೆನ್ ಮೊಬೈಲ್ ಪೂರ್ಣವಾಗಿ ವರ್ಚುಯಲ್ ಆದ ಜಾಲವನ್ನು ಸೇವೆಗೆ ತಂದಿತು.

ಭಾರತದಲ್ಲಿ ಈ ಪ್ರಶ್ನೆಗೆ ಕಾನೂನಿನ ಮುಖವೂ ಒಂದಿತ್ತು. ೨೦೦೨ರ ಏಪ್ರಿಲ್ ೧ರಿಂದ ಅಂತರ್ಜಾಲ ದೂರವಾಣಿಗೆ ಇಲ್ಲಿ ಅನುಮತಿ ದೊರೆತರೂ, ಅದನ್ನು ದೇಶದೊಳಗಿನ ಸಾಮಾನ್ಯ ದೂರವಾಣಿ ಜಾಲಕ್ಕೆ ಜೋಡಿಸಲು ಅವಕಾಶವಿರಲಿಲ್ಲ. ಬೆಂಗಳೂರಿನಂಥ ನಗರಗಳಲ್ಲಿ ಬೆಳೆದ ಕಾಲ್‌ಸೆಂಟರುಗಳು ತಮ್ಮ ಎಕ್ಸ್‌ಚೇಂಜಿನ ವಿಷಯದಲ್ಲಿ ಸರ್ಕಾರದ ವಿವರವಾದ ನಿಬಂಧನೆಗಳಿಗೆ ಒಳಪಟ್ಟಿದ್ದವು. ೨೦೨೦ರ ನವೆಂಬರಿನಲ್ಲಿ ಈ ನಿಬಂಧನೆಗಳನ್ನು ಬಹಳಮಟ್ಟಿಗೆ ಸಡಿಲಿಸಲಾಯಿತು. ೨೦೨೧ರ ಜೂನ್ ತಿಂಗಳ ಮಾರ್ಗಸೂಚಿಯಂತೆ ಅಂಥ ಸಂಸ್ಥೆಗಳ ಇಪಿಎಬಿಎಕ್ಸ್ ಜಗತ್ತಿನ ಎಲ್ಲಿ ಬೇಕಾದರೂ ಇರಬಹುದೆಂದೂ, ಭಾರತದಲ್ಲಿ ಬೇರೆಯವರ ಡೇಟಾ ಸೆಂಟರಿನಲ್ಲಿಯೂ ಅದನ್ನು ಇಡಬಹುದೆಂದೂ ತೀರ್ಮಾನವಾಯಿತು. ಎಕ್ಸ್‌ಚೇಂಜೆಂಬುದು ಒಂದು ಕಟ್ಟಡದ ಒಂದು ಕೊಠಡಿಯಲ್ಲಿ ಇರುವ ವಸ್ತುವೆಂಬ ಭಾವನೆಯನ್ನು ಕಾನೂನೂ ಬಿಟ್ಟುಕೊಟ್ಟಿತು.

೭. ಇಂದಿಗೂ ಉಳಿದಿರುವ ಅಂಶಗಳು

ಹಾಗಾದರೆ ಹಳೆಯ ನಿಷೇಧದಲ್ಲಿ ಇಂದಿಗೆ ಉಳಿಯುವುದೇನು? ಮೂರು ಅಂಶಗಳನ್ನು ಗುರುತಿಸಬಹುದು.

ಒಂದನೆಯದು, ಕಾಲದ ಮೀಸಲು. ಅಗ್ಗವಾಗಿ ಬಾಡಿಗೆಗೆ ದೊರೆಯುವ ವರ್ಚುಯಲ್ ಸರ್ವರುಗಳಲ್ಲಿ ಕೋರುಗಳನ್ನು ಹಲವರಿಗೆ ಹಂಚಿರುವುದು ಸಾಮಾನ್ಯ. ತನಗೆ ಸಲ್ಲಬೇಕಾದ ಕಾಲ ಎಷ್ಟು ಅನ್ಯರ ಪಾಲಾಯಿತೆಂಬುದನ್ನು ಲಿನಕ್ಸ್ ವ್ಯವಸ್ಥೆಯೇ ‘ಕದ್ದ ಕಾಲ’ ಎಂಬರ್ಥದ ಹೆಸರಿನಿಂದ ಲೆಕ್ಕವಿಟ್ಟು ತೋರಿಸುತ್ತದೆ. ಆ ಅಂಕಿಯು ಶೂನ್ಯದ ಸಮೀಪದಲ್ಲಿದ್ದರೆ ಶಂಕೆಗೆ ಕಾರಣವಿಲ್ಲ. ಹೊತ್ತುಹೊತ್ತಿಗೆ ಏರುತ್ತಿದ್ದರೆ ಮಾತು ಒಡೆಯುವುದು ನಿಶ್ಚಯ. ಮೇಲಾಗಿ ವರ್ಚುಯಲ್ ಯಂತ್ರದ ಚಿತ್ರಪ್ರತಿಯನ್ನು ತೆಗೆಯುವಾಗಲೂ, ನಡೆಯುತ್ತಿರುವಂತೆಯೇ ಅದನ್ನು ಒಂದು ಸರ್ವರಿನಿಂದ ಮತ್ತೊಂದಕ್ಕೆ ಸಾಗಿಸುವಾಗಲೂ ಅದು ಕ್ಷಣಕಾಲ ಸ್ತಬ್ಧವಾಗುತ್ತದೆ. ಇಂಥ ಕಾರ್ಯಗಳನ್ನು ಕಚೇರಿಯ ವೇಳೆಯಲ್ಲಿ ಮಾಡದಿರುವುದು ಲೇಸು. ಇಲ್ಲಿ ಕ್ರಾಸ್‌ಬಾರಿನ ಭೇದವು ಮತ್ತೆ ಉಪಯೋಗಕ್ಕೆ ಬರುತ್ತದೆ. ಸರ್ವರು ಕರೆಯನ್ನು ಏರ್ಪಡಿಸುವುದು ಮಾತ್ರವಾಗಿ, ಮಾತು ಒಂದು ಉಪಕರಣದಿಂದ ಇನ್ನೊಂದಕ್ಕೆ ನೇರವಾಗಿ ಹೋಗುವಂತಿದ್ದರೆ ಸ್ವಲ್ಪ ವಿಳಂಬದಿಂದ ಕೆಡುಕಿಲ್ಲ. ಮಾತೆಲ್ಲ ಸರ್ವರಿನ ಮೂಲಕವೇ ಹಾದು, ಅಲ್ಲಿಯೇ ಬೆರೆತು, ಧ್ವನಿಮುದ್ರಣಗೊಂಡು, ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಪರಿವರ್ತಿತವಾಗುವಂತಿದ್ದರೆ ಮೀಸಲು ಕೋರುಗಳು ಅಗತ್ಯ.

ಎರಡನೆಯದು, ತಂತಿ. ಹಳೆಯ ತಾಮ್ರದ ಮಾರ್ಗಗಳನ್ನೋ ಮೂವತ್ತು ಕರೆಗಳನ್ನು ಒಟ್ಟಿಗೆ ಸಾಗಿಸುವ ಪಿಆರ್‌ಐ ಮಾರ್ಗವನ್ನೋ ಉಳಿಸಿಕೊಂಡ ಸಂಸ್ಥೆಗಳಿಗೆ ಆ ತಂತಿಯನ್ನು ಸಿಕ್ಕಿಸಲು ಒಂದು ನಿಜವಾದ ರಂಧ್ರ ಬೇಕೇ ಬೇಕು. ಇದಕ್ಕಾಗಿ ಇಡೀ ವ್ಯವಸ್ಥೆಯನ್ನೇ ಭೌತಿಕ ಸರ್ವರಿನ ಮೇಲೆ ಇಡಬೇಕಾದ ಅಗತ್ಯವಿಲ್ಲ. ತಂತಿಯನ್ನು ಸಿಪ್ ಮಾರ್ಗವಾಗಿ ಮಾರ್ಪಡಿಸುವ ಗೇಟ್‌ವೇ ಎಂಬ ಚಿಕ್ಕ ಪೆಟ್ಟಿಗೆಯನ್ನು ಬಾಗಿಲಲ್ಲಿ ಇಟ್ಟು, ಬುದ್ಧಿಭಾಗವನ್ನು ವರ್ಚುಯಲ್ ಸರ್ವರಿನಲ್ಲಿ ಇಡಬಹುದು.

ಮೂರನೆಯದು, ಆಪತ್ತು. ಇದೇ ಎಲ್ಲಕ್ಕಿಂತ ಗಂಭೀರವಾದ ಅಂಶವೆಂದು ನನ್ನ ಅಭಿಪ್ರಾಯ. ಹಳೆಯ ಎಕ್ಸ್‌ಚೇಂಜಿನಲ್ಲಿದ್ದ ೪೮ ವೋಲ್ಟುಗಳ ಬ್ಯಾಟರಿಗಳು ತಾಮ್ರದ ತಂತಿಯ ಮೂಲಕವೇ ಮನೆಯ ದೂರವಾಣಿಗೂ ವಿದ್ಯುತ್ತನ್ನು ಕಳುಹಿಸುತ್ತಿದ್ದವು. ಊರಿನಲ್ಲಿ ದೀಪ ಆರಿದರೂ ದೂರವಾಣಿ ಬದುಕಿರುತ್ತಿತ್ತು. ಅಂತರ್ಜಾಲ ದೂರವಾಣಿಗೆ ಈ ಭಾಗ್ಯವಿಲ್ಲ. ಸರ್ವರು ಭೌತಿಕವಾಗಲಿ ವರ್ಚುಯಲ್ ಆಗಲಿ, ಸ್ವಿಚ್ಚು, ರೌಟರು, ಮೇಜಿನ ಮೇಲಿನ ಉಪಕರಣ ಇವುಗಳಿಗೆಲ್ಲ ಬೇರೆಬೇರೆಯಾಗಿ ವಿದ್ಯುತ್ತಿನ ಆಸರೆ ಬೇಕು. ಇನ್ನು ವರ್ಚುಯಲ್ ಸರ್ವರುಗಳೆಲ್ಲ ಒಂದೇ ಪೆಟ್ಟಿಗೆಯಲ್ಲಿದ್ದರೆ, ಆ ಪೆಟ್ಟಿಗೆ ಕೆಟ್ಟ ದಿನ ಪತ್ರವ್ಯವಹಾರ, ಲೆಕ್ಕಪತ್ರ, ದೂರವಾಣಿ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ; ಯಂತ್ರ ನಿಂತಿತೆಂದು ತಿಳಿಸಲು ಬೇಕಾದ ದೂರವಾಣಿಯೂ ಅದರೊಡನೆಯೇ ನಿಂತಿರುತ್ತದೆ. ೨೦೨೧ರ ಮಾರ್ಚಿ ತಿಂಗಳಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್ ನಗರದಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರು ಬೆಂಕಿಗೆ ಆಹುತಿಯಾದಾಗ, ವರ್ಚುಯಲ್ ಎಂಬ ಪದದ ಹಿಂದೆಯೂ ಸುಡಬಲ್ಲ ಲೋಹ ಮತ್ತು ಕಟ್ಟಡಗಳಿವೆಯೆಂಬುದು ಲೋಕಕ್ಕೆ ಮನವರಿಕೆಯಾಯಿತು.

ಒಂದು ಭೌತಿಕ ಸರ್ವರನ್ನು ಇಟ್ಟ ಮಾತ್ರಕ್ಕೆ ಈ ಆಪತ್ತು ತಪ್ಪುವುದಿಲ್ಲ. ಅದೂ ಕೆಡುವ ವಸ್ತುವೇ. ಕೆಟ್ಟಾಗ ಅದೇ ಮಾದರಿ ದೊರೆಯುವವರೆಗೆ ಕಾಯಬೇಕು. ವರ್ಚುಯಲ್ ಸರ್ವರಿನ ಪ್ರತಿಯೊಂದಿದ್ದರೆ ಅದನ್ನು ಬೇರೊಂದು ಯಂತ್ರದ ಮೇಲೆ ಸ್ವಲ್ಪ ಹೊತ್ತಿನಲ್ಲಿಯೇ ಎಬ್ಬಿಸಬಹುದು. ಆದುದರಿಂದ ಕೇಳಬೇಕಾದ ಪ್ರಶ್ನೆ ಎರಡನೆಯ ಯಂತ್ರ ಎಲ್ಲಿದೆ ಎಂಬುದು. ೧೯೬೫ರ ಎಂಜಿನಿಯರುಗಳು ಎರಡು ಪ್ರೊಸೆಸರುಗಳನ್ನು ಜೊತೆಯಾಗಿ ನಡೆಸಿದುದರ ತಾತ್ಪರ್ಯ ಇದೇ ಆಗಿತ್ತು. ಎರಡು ವರ್ಚುಯಲ್ ಸರ್ವರುಗಳನ್ನು ಒಂದೇ ಭೌತಿಕ ಸರ್ವರಿನ ಮೇಲೆ ಇಟ್ಟು ಜೋಡಿಯಿದೆಯೆಂದು ನೆಮ್ಮದಿಯಾಗಿರುವುದು ಆ ತಾತ್ಪರ್ಯವನ್ನು ಮರೆತಂತೆ.

೮. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಹೊರಡುವ ನಿರ್ಣಯವನ್ನು ಹೀಗೆ ಸಂಗ್ರಹಿಸಬಹುದು. ವರ್ಚುಯಲ್ ಸರ್ವರು ದೂರವಾಣಿಗೆ ಒಗ್ಗದೆಂಬ ಮಾತು ಸುಮಾರು ೨೦೧೦ರವರೆಗೆ ಸರಿಯಾಗಿತ್ತು. ಅದರ ಮುಖ್ಯ ಕಾರಣಗಳಾದ ಕಾರ್ಡಿನ ಗಡಿಯಾರ ಮತ್ತು ಪ್ರೊಸೆಸರುಗಳ ಅಸಮರ್ಥತೆ ಇಂದು ಇಲ್ಲ. ಆದಕಾರಣ ಇಂದು ಸಾಮಾನ್ಯ ಸಂಸ್ಥೆಯೊಂದಕ್ಕೆ, ಕಾಲದ ಮೀಸಲು ದೃಢವಾಗಿರುವ ಪಕ್ಷದಲ್ಲಿ, ವರ್ಚುಯಲ್ ಸರ್ವರೇ ಯುಕ್ತವಾದ ಆಯ್ಕೆ. ಆ ಮೀಸಲನ್ನು ಪಡೆಯಲಾಗದಿದ್ದಲ್ಲಿ, ಅಥವಾ ಕರೆಗಳ ಭಾರವು ಒಂದು ಇಡೀ ಯಂತ್ರವನ್ನೇ ತುಂಬುವಷ್ಟಿದ್ದಲ್ಲಿ, ಭೌತಿಕ ಸರ್ವರಿಗೆ ಇಂದಿಗೂ ಸ್ಥಾನವುಂಟು. ಎರಡು ಪಕ್ಷಗಳಲ್ಲಿಯೂ ತನ್ನ ಸಂಸ್ಥೆಯ ಕರೆಗಳನ್ನು ಎಣಿಸಿ ಎರ್ಲಾಂಗಿನ ಲೆಕ್ಕವನ್ನು ಮೊದಲು ಮಾಡಬೇಕು. ಪೆಂಟಕಾಂಟಾದ ಪಾಠವನ್ನು ಮರೆಯಬಾರದು.

ಇತಿಹಾಸದ ವಿದ್ಯಾರ್ಥಿಗಳಿಗೆ ಇದರಿಂದ ಇನ್ನೊಂದು ಪ್ರಯೋಜನವೂ ಉಂಟು. ತಾಂತ್ರಿಕ ಉಪದೇಶಗಳು ನಮ್ಮ ಕಾಲದ ಬಹುದೊಡ್ಡ ಲಿಖಿತ ಸಂಪತ್ತು. ಅವುಗಳಲ್ಲಿ ಬಹುಪಾಲು ಯಾವ ಆವೃತ್ತಿಯನ್ನು, ಯಾವ ಯಂತ್ರವನ್ನು ಕುರಿತು ಹೇಳಿದವೆಂಬ ಗುರುತಿಲ್ಲದೆ ಉಳಿದುಬಂದಿವೆ. ಲಿಪಿಯ ತಿರುವಿನಿಂದ ಶಾಸನದ ಕಾಲವನ್ನು ಊಹಿಸುವಂತೆ, ಜಪ್‌ಟೆಲ್ ಎಂಬ ಒಂದು ಹೆಸರಿನಿಂದ ಆ ಉಪದೇಶವು ೨೦೦೮ಕ್ಕೆ ಹಿಂದಿನ ಪರಿಸ್ಥಿತಿಗೆ ಸೇರಿದುದೆಂದು ಬಹುಮಟ್ಟಿಗೆ ಹೇಳಿಬಿಡಬಹುದು. ಇಂಥ ಗುರುತುಗಳನ್ನು ಕಲೆಹಾಕುವ ಕಾರ್ಯ ನಮ್ಮಲ್ಲಿ ಇನ್ನೂ ವ್ಯವಸ್ಥಿತವಾಗಿ ನಡೆಯಬೇಕಾಗಿದೆ. ದೂರವಾಣಿನಗರದ ಕಾರ್ಖಾನೆಯಲ್ಲಿ ದುಡಿದವರ ನೆನಪುಗಳೂ, ಕಿತ್ತೂರಿನ ಎಕ್ಸ್‌ಚೇಂಜನ್ನು ನಡೆಸಿದವರ ಕಡತಗಳೂ, ಕಾಲೇಜು ಕಚೇರಿಗಳಲ್ಲಿ ಹಳೆಯ ಇಪಿಎಬಿಎಕ್ಸ್ ಪೆಟ್ಟಿಗೆಗಳೊಡನೆ ಬಂದ ಕೈಪಿಡಿಗಳೂ ಗುಜರಿಯ ಪಾಲಾಗುವುದಕ್ಕೆ ಮುಂಚೆ ಸಂಗ್ರಹವಾಗಬೇಕು. ಈ ದಿಕ್ಕಿನಲ್ಲಿ ನಮ್ಮ ಪದವಿ ತರಗತಿಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಎಕ್ಸ್‌ಚೇಂಜಿನಿಂದಲೇ ಆರಂಭಿಸಿದರೆ, ಈ ನಾಡಿನ ದೂರವಾಣಿಯ ಚರಿತ್ರೆಗೆ ಬೇಕಾದ ಆಕರಗಳು ಸಾಕಷ್ಟು ಒದಗುವುವು.